ಕೈರೋದ ಕೊಠಡಿಯಿಂದ ನಮ್ಮ ವಾಚನಪೀಠಕ್ಕೆ

ಕ್ರಿಸ್ಮಸ್ ಕಳೆದ ಕೂಡಲೇ ಬರುವ ಪವಿತ್ರ ಕುಟುಂಬದ ಹಬ್ಬದಂದು ಸಿರಾಖನ ಗ್ರಂಥದ ಮೂರನೆಯ ಅಧ್ಯಾಯವನ್ನು ಪ್ರಥಮ ವಾಚನವಾಗಿ ಕೇಳುತ್ತೇವೆ. ತಂದೆತಾಯಿಯನ್ನು ಗೌರವಿಸಬೇಕು, ಮುಪ್ಪಿನಲ್ಲಿ ತಂದೆಯ ಬುದ್ಧಿ ಮಂಕಾದರೂ ಅವನನ್ನು ತಾತ್ಸಾರ ಮಾಡಬಾರದು ಎಂಬ ಬೋಧನೆ ಅದು. ಈ ಮಾತುಗಳು ನಮ್ಮ ಕೈಸೇರಿದ ಬಗೆಯನ್ನು ಅರಿತರೆ ಪ್ರಿಯ ಓದುಗರಿಗೆ ಆ ವಾಚನ ಇನ್ನಷ್ಟು ಆಪ್ತವಾದೀತು.

ಕ್ರಿಸ್ತಪೂರ್ವ 180ರ ಸುಮಾರಿಗೆ ಜೆರುಸಲೇಮಿನಲ್ಲಿ ಬೆನ್ ಸಿರಾ ಎಂಬ ಗುರು ಇದನ್ನು ಹಿಬ್ರೂ ಭಾಷೆಯಲ್ಲಿ ಬರೆದನು. ಅವನ ಮೊಮ್ಮಗ ಈಜಿಪ್ಟಿನಲ್ಲಿ ಅದನ್ನು ಗ್ರೀಕ್ ಭಾಷೆಗೆ ತಂದನು. ಧರ್ಮಸಭೆ ಗ್ರೀಕ್ ಪಠ್ಯವನ್ನು ಕಾಪಾಡಿಕೊಂಡು ಬಂದಿತು. ಹಿಬ್ರೂ ಮೂಲವೋ ಶತಮಾನಗಳ ಕಾಲ ವಿದ್ವಾಂಸರ ಕಣ್ಣಿಗೆ ಬೀಳಲಿಲ್ಲ.

ಅತ್ತ ಯುರೋಪಿನ ವಿಶ್ವವಿದ್ಯಾನಿಲಯಗಳಲ್ಲಿ ಹಿಬ್ರೂ ಭಾಷೆಯನ್ನು ಕಲಿಸುತ್ತಿದ್ದರು. ಹಳೆಯ ಒಡಂಬಡಿಕೆಗಾಗಿ ಆ ಭಾಷೆ ಬೇಕಿತ್ತು. ಆದರೆ ಪ್ರಭು ಯೇಸುವಿನ ಕಾಲದ ನಂತರವೂ ಬದುಕಿ ಬಾಳಿದ ಯೆಹೂದ್ಯ ಜನಾಂಗದ ಚರಿತ್ರೆ ಮತ್ತು ಸಾಹಿತ್ಯಕ್ಕೆ ಅಲ್ಲಿ ಪೀಠವಿರಲಿಲ್ಲ. 1819ರಲ್ಲಿ ಬರ್ಲಿನ್ನಿನ ಕೆಲವು ಯೆಹೂದ್ಯ ತರುಣರು ಈ ಅಧ್ಯಯನಕ್ಕಾಗಿ ಸಂಘ ಕಟ್ಟಿದರು. ಅವರಲ್ಲೊಬ್ಬರಾದ ಲಿಯೋಪೋಲ್ಡ್ ಝುಂಝ್ 1848ರಲ್ಲಿ ಬರ್ಲಿನ್ ವಿಶ್ವವಿದ್ಯಾನಿಲಯದಲ್ಲಿ ಯೆಹೂದ್ಯ ಚರಿತ್ರೆ ಮತ್ತು ಸಾಹಿತ್ಯದ ಪೀಠವೊಂದನ್ನು ಸ್ಥಾಪಿಸಬೇಕೆಂದು ಸರ್ಕಾರಕ್ಕೆ ಮನವಿ ಸಲ್ಲಿಸಿದರು. ಮನವಿ ತಿರಸ್ಕೃತವಾಯಿತು. ಬಾಗಿಲು ಮುಚ್ಚಿದಾಗ ಅವರು ಕೈಚೆಲ್ಲಲಿಲ್ಲ. 1854ರಲ್ಲಿ ಬ್ರೆಸ್ಲೌ ನಗರದಲ್ಲಿ, 1872ರಲ್ಲಿ ಬರ್ಲಿನ್ನಿನಲ್ಲಿ ಯೆಹೂದ್ಯರದೇ ವಿದ್ಯಾಪೀಠಗಳು ತೆರೆದವು. ಬರ್ಲಿನ್ನಿನ ವಿದ್ಯಾಪೀಠವನ್ನು ನಾಜಿಗಳು 1942ರಲ್ಲಿ ಮುಚ್ಚಿಸಿದರು.

ಆ ಬರ್ಲಿನ್ ವಿದ್ಯಾಪೀಠದಲ್ಲಿ ಕಲಿತ ಸಾಲೊಮನ್ ಶೆಕ್ಟರ್ 1890ರಲ್ಲಿ ಕೇಂಬ್ರಿಜ್‌ನಲ್ಲಿ ಉಪನ್ಯಾಸಕರಾದರು. 1896ರ ಮೇ ತಿಂಗಳಲ್ಲಿ ಆಗ್ನೆಸ್ ಲೂಯಿಸ್ ಮತ್ತು ಮಾರ್ಗರೆಟ್ ಗಿಬ್ಸನ್ ಎಂಬ ಅವಳಿ ಸಹೋದರಿಯರು ಪೂರ್ವದೇಶಗಳ ಪ್ರವಾಸದಲ್ಲಿ ಕೊಂಡುತಂದ ಹಳೆಯ ಹಾಳೆಗಳನ್ನು ಅವರಿಗೆ ತೋರಿಸಿದರು. ಅವುಗಳಲ್ಲಿ ಒಂದು ಸಿರಾಖನ ಗ್ರಂಥದ ಹಿಬ್ರೂ ಪಠ್ಯವೆಂದು ಶೆಕ್ಟರ್ ಗುರುತಿಸಿದರು! ಆ ವರ್ಷದ ಕೊನೆಯಲ್ಲಿ ಅವರು ಕೈರೋಗೆ ಹೊರಟರು. ದೇವರ ನಾಮ ಬರೆದ ಕಾಗದವನ್ನು ಬಿಸಾಡಬಾರದೆಂಬ ಭಕ್ತಿಯಿಂದ ಅಲ್ಲಿನ ಬೆನ್ ಎಜ್ರಾ ಪ್ರಾರ್ಥನಾಮಂದಿರದ ಒಂದು ಕೊಠಡಿಯಲ್ಲಿ ಯೆಹೂದ್ಯರು ಶತಮಾನಗಳಿಂದ ಹಳೆಯ ಬರಹಗಳನ್ನು ತುಂಬಿಟ್ಟಿದ್ದರು. ಅಲ್ಲಿಂದ ಕೇಂಬ್ರಿಜ್‌ಗೆ ಬಂದ ಸಂಗ್ರಹದಲ್ಲಿ ಸುಮಾರು 1,93,000 ತುಣುಕುಗಳಿವೆ. ಸಿರಾಖನ ಗ್ರಂಥದ ಮೂರನೇ ಎರಡು ಭಾಗದಷ್ಟು ಹಿಬ್ರೂ ಪಠ್ಯ ಇಂದು ನಮಗೆ ಲಭ್ಯ. ನಮ್ಮ ಹಬ್ಬದ ವಾಚನದ ಕೊನೆಯ ವಚನಗಳೂ ಆ ಕೈರೋ ಹಾಳೆಗಳಲ್ಲಿವೆ. 1964ರಲ್ಲಿ ಮಸಾದ ಕೋಟೆಯಲ್ಲಿ ದೊರೆತ ಇನ್ನೂ ಪುರಾತನವಾದ ಸುರುಳಿಯು ಆ ಹಾಳೆಗಳು ಮೂಲಕ್ಕೆ ಸೇರಿದವೆಂಬುದನ್ನು ದೃಢಪಡಿಸಿತು.

ಆ ಕೊಠಡಿಯಲ್ಲಿ ನಮ್ಮ ಕರಾವಳಿಯ ಕಥೆಯೂ ಇತ್ತು. ಟುನೀಸಿಯಾದ ಯೆಹೂದ್ಯ ವರ್ತಕ ಅಬ್ರಹಾಂ ಬೆನ್ ಯಿಜು 1132ರಿಂದ 1149ರವರೆಗೆ ಹೆಚ್ಚಾಗಿ ಮಂಗಳೂರಿನಲ್ಲಿ ನೆಲೆಸಿ, ಕಂಚಿನ ಪಾತ್ರೆಗಳ ಕಾರ್ಖಾನೆ ನಡೆಸಿದ. ಅವನ ಪತ್ರಗಳನ್ನು ಓದಿ ಲೋಕಕ್ಕೆ ತಿಳಿಸಿದವರು ಪ್ರೊ. ಎಸ್. ಡಿ. ಗೊಯ್ಟೈನ್, 1925ರಲ್ಲಿ ಆರಂಭವಾದ ಜೆರುಸಲೇಮಿನ ಹಿಬ್ರೂ ವಿಶ್ವವಿದ್ಯಾನಿಲಯದಲ್ಲಿ ಅವರು ಪ್ರಾಧ್ಯಾಪಕರಾಗಿದ್ದರು. ಯುದ್ಧದಿಂದ ನಿರ್ಗತಿಕರಾದ ಒಡಹುಟ್ಟಿದವರಿಗೆ ಬೆನ್ ಯಿಜು 1149ರಲ್ಲಿ ಬರೆದ ಪತ್ರ ಉಳಿದಿದೆ: ತನ್ನಲ್ಲಿರುವುದು ನಮಗೆಲ್ಲರಿಗೂ ಸಾಕು, ಬನ್ನಿ ಎಂಬುದು ಅದರ ಭಾವ. ಸಿರಾಖ ಬೋಧಿಸಿದ ಕುಟುಂಬಧರ್ಮವನ್ನು ಬದುಕಿ ತೋರಿಸಿದ ಪತ್ರವಲ್ಲವೇ ಅದು!

ನಮ್ಮ ಧರ್ಮಸಭೆಯೂ ಈ ಅಧ್ಯಯನಕ್ಕೆ ತೆರೆದುಕೊಂಡಿತು. ಎರಡನೇ ವ್ಯಾಟಿಕನ್ ಮಹಾಸಭೆಯು 1965ರ ಅಕ್ಟೋಬರ್ 28ರಂದು ಪ್ರಕಟಿಸಿದ ಘೋಷಣೆಯಲ್ಲಿ, ಕ್ರಿಸ್ತರ ಯಾತನೆಯ ಹೊಣೆಯನ್ನು ಯೆಹೂದ್ಯರೆಲ್ಲರ ಮೇಲೆ ಹೊರಿಸಲಾಗದು ಎಂದು ಸಾರಿತು. ಇದಕ್ಕಾಗಿ ದುಡಿದ ಕಾರ್ಡಿನಲ್ ಬೇಯಾ ಸ್ವತಃ ಬೈಬಲ್ ವಿದ್ವಾಂಸರು, ರೋಮಿನ ಬೈಬಲ್ ವಿದ್ಯಾಪೀಠದ ರೆಕ್ಟರ್ ಆಗಿದ್ದವರು. ಅದೇ ವಿದ್ಯಾಪೀಠ 2019ರಲ್ಲಿ ಫರಿಸಾಯರ ಬಗ್ಗೆ ವಿಚಾರಸಂಕಿರಣ ನಡೆಸಿ ಯೆಹೂದ್ಯ ಮತ್ತು ಕ್ರೈಸ್ತ ವಿದ್ವಾಂಸರನ್ನು ಒಂದೆಡೆ ಕೂರಿಸಿತು. ಅಂದಿನ ಪೋಪ್ ಫ್ರಾನ್ಸಿಸ್‌ರವರು ಆ ಪದದ ಹಿಂದೆ ಬೆಳೆದಿರುವ ಪೂರ್ವಗ್ರಹದ ಬಗ್ಗೆ ಎಚ್ಚರಿಸಿದರು.

'ಫರಿಸಾಯ' ಎಂದರೆ ಕಪಟಿ ಎಂಬರ್ಥದಲ್ಲಿ ನಮ್ಮ ಪ್ರಬೋಧನೆಗಳಲ್ಲೂ ಮಾತು ಕೇಳಿಬರುವುದುಂಟು. ಜ್ಞಾನವಿಲ್ಲದ ಭಕ್ತಿಯಿಂದ ನೆರೆಯವನಿಗೆ ಗಾಯವಾಗುವುದು ಹೀಗೆ. ಪವಿತ್ರ ಕುಟುಂಬ ಯೆಹೂದ್ಯ ಕುಟುಂಬ. ಮರಿಯಮ್ಮ ಮತ್ತು ಜೋಸೆಫರು ತಮ್ಮ ಮಗನಿಗೆ ಕಲಿಸಿದ ಪ್ರಾರ್ಥನೆಗಳು ಆ ಜನರವು. ಅವರು ಎಸೆಯದೆ ಕೂಡಿಟ್ಟ ಹಾಳೆಗಳಲ್ಲಿ ಸಿರಾಖನ ಮೂಲನುಡಿ ಉಳಿದುಬಂದಿತು. ಹಬ್ಬದಂದು ಆ ವಾಚನಕ್ಕೆ 'ದೇವರಿಗೆ ಕೃತಜ್ಞತೆ ಸಲ್ಲಲಿ' ಎಂದು ಉತ್ತರಿಸುವಾಗ, ಅದನ್ನು ಬರೆದ ಮತ್ತು ಕಾಪಾಡಿದ ಜನರನ್ನೂ ಆ ಕೃತಜ್ಞತೆಯಲ್ಲಿ ಸೇರಿಸಿಕೊಳ್ಳೋಣ.