ತಟ್ಟೆಯ ಹಿಂಬದಿಯ ಹಾಡುಗಳು

ಕೊಳ್ಳೇಗಾಲದಿಂದ ಮಧುವನಹಳ್ಳಿ, ಹನೂರು ದಾಟಿ ಮಾದಪ್ಪನ ಬೆಟ್ಟಕ್ಕೆ ಹೋಗುವ ದಾರಿಯಲ್ಲಿ ಕಂಸಾಳೆಯ ಸದ್ದು ಹೊಸದಲ್ಲ. ಆದರೆ ದೇವರಗುಡ್ಡರು ಮಾದೇಶ್ವರ ಕಾವ್ಯವನ್ನು ಇಡಿಯಾಗಿ ಹಾಡುವುದು ಅಪರೂಪ. ಸಂಕಮ್ಮನ ಸಾಲು ಬೇಕೆಂದವರಿಗೆ ಅದು, ಜುಂಜೇಗೌಡನ ಸಾಲು ಬೇಕೆಂದವರಿಗೆ ಇದು. ಯಾರೂ ಕೇಳದ ಸಾಲು ಗುಡ್ಡನ ಗಂಟಲಲ್ಲೇ ಉಳಿಯುತ್ತದೆ. ಗ್ರಾಮಫೋನ್ ಕಂಪೆನಿಗಳ ಕೈಸೇರಿದ ಹಾಡುಗಳ ಪಾಡೂ ಹೆಚ್ಚುಕಡಿಮೆ ಹೀಗೆಯೇ. ಯಾವ ಹಾಡು ಹೊರಬರಬೇಕೆಂದು ಅಲ್ಲಿ ತೀರ್ಮಾನಿಸುವುದು ವ್ಯಾಪಾರ. ಇಂಗ್ಲೆಂಡಿನ ಪಿಂಕ್ ಫ್ಲಾಯ್ಡ್ ತಂಡ 1971ರ ಮೇ ತಿಂಗಳಲ್ಲಿ ಕಂಡ ‘ರೆಲಿಕ್ಸ್’ ಎಂಬ ಸಂಕಲನದ ಕಥೆ ಇದಕ್ಕೆ ಸಾಕ್ಷಿ.

ಏಳು ಅಂಗುಲದ ಪುಟ್ಟ ತಟ್ಟೆ, ಮುಂದೊಂದು ಹಾಡು, ಹಿಂದೊಂದು ಹಾಡು. ಇದೇ ‘ಸಿಂಗಲ್’. ಅದರಲ್ಲಿ ಬಂದ ಹಾಡನ್ನು ದೊಡ್ಡ ಎಲ್‌ಪಿ ತಟ್ಟೆಗೆ ಮತ್ತೆ ಸೇರಿಸದಿರುವುದು ಆಗಿನ ಬ್ರಿಟನ್ನಿನಲ್ಲಿ ಸಾಮಾನ್ಯ ರೂಢಿ. ಪುಟ್ಟ ತಟ್ಟೆ ಅಂಗಡಿಯಿಂದ ಮಾಯವಾದರೆ ಹಾಡೂ ಮಾಯ.

ಪಿಂಕ್ ಫ್ಲಾಯ್ಡ್ ಪಾಲಿಗೆ ಇದು ಸಣ್ಣ ನಷ್ಟವಾಗುತ್ತಿರಲಿಲ್ಲ. ತಂಡದ ಮೊದಲ ಕವಿ, ಗಾಯಕ ಸಿಡ್ ಬ್ಯಾರೆಟ್ ಬರೆದ ‘ಆರ್ನಲ್ಡ್ ಲೇನ್’ 1967ರ ಮಾರ್ಚಿಯಲ್ಲಿ ಬಂತು. ಒಣಹಾಕಿದ ಹೆಂಗಸರ ಬಟ್ಟೆ ಕದಿಯುವವನ ಹಾಡು! ರೇಡಿಯೋ ಲಂಡನ್ ಅದನ್ನು ಬಹಿಷ್ಕರಿಸಿತು. ಆದರೂ ಅದು ಜನಪ್ರಿಯತೆಯ ಪಟ್ಟಿಯಲ್ಲಿ 20ನೇ ಸ್ಥಾನ ಮುಟ್ಟಿತು. ಜೂನ್‌ನಲ್ಲಿ ಬಂದ ‘ಸೀ ಎಮಿಲಿ ಪ್ಲೇ’ 6ಕ್ಕೇರಿತು. ಮರುವರ್ಷದ ಏಪ್ರಿಲ್ ಹೊತ್ತಿಗೆ ಬ್ಯಾರೆಟ್ ತಂಡದಲ್ಲೇ ಇರಲಿಲ್ಲ. ಮಾದಕ ವಸ್ತು, ಕದಡಿದ ಮನಸ್ಸು ಎರಡೂ ಸೇರಿ ಅವರನ್ನು ವೇದಿಕೆಯಿಂದ ಇಳಿಸಿದ್ದವು.

‘ರೆಲಿಕ್ಸ್’ ಈ ಎರಡು ಹಾಡುಗಳನ್ನು ಉಳಿಸಿತು. ಇಎಂಐ ಕಂಪೆನಿ ಅದನ್ನು ಅಗ್ಗದ ದರದ ‘ಸ್ಟಾರ್‌ಲೈನ್’ ಮುದ್ರೆಯಡಿ ಮಾರಿತು. ಹನ್ನೊಂದು ಹಾಡು, ಹೊದಿಕೆಗೆ ಡ್ರಮ್ ವಾದಕ ನಿಕ್ ಮೇಸನ್ ಬರೆದ ವಿಚಿತ್ರ ಯಂತ್ರದ ರೇಖಾಚಿತ್ರ. ಹಳೆಯ ಎಲ್‌ಪಿಗಳಿಂದ ಆಯ್ದ ಕೆಲವು ಹಾಡುಗಳೂ ಇದ್ದವು. ಅದುವರೆಗೆ ಬಿಡುಗಡೆಯಾಗದಿದ್ದದ್ದು ‘ಬೈಡಿಂಗ್ ಮೈ ಟೈಮ್’ ಒಂದೇ. ಅದರಲ್ಲಿ ಕೀಬೋರ್ಡ್ ವಾದಕ ರಿಕ್ ರೈಟ್ ಟ್ರೊಂಬೋನ್ ಊದಿದ್ದಾರೆ.

ಆಯ್ಕೆಯಲ್ಲಿ ಒಂದು ತಮಾಷೆಯಿದೆ. ‘ಪೇಂಟ್ ಬಾಕ್ಸ್’, ‘ಜೂಲಿಯಾ ಡ್ರೀಮ್’, ‘ಕೇರ್‌ಫುಲ್ ವಿತ್ ದಟ್ ಆ್ಯಕ್ಸ್, ಯೂಜೀನ್’ ಮೂರೂ ಸಿಂಗಲ್‌ಗಳ ಹಿಂಬದಿಯ ಹಾಡುಗಳು. ಅವಕ್ಕೆ ಇಲ್ಲಿ ಜಾಗ ಸಿಕ್ಕಿತು. ಮಾರುಕಟ್ಟೆಯಲ್ಲಿ ಸೋತ ಮುಂಬದಿಯ ಹಾಡುಗಳು ಹೊರಗುಳಿದವು. ‘ಪಾಯಿಂಟ್ ಮಿ ಅಟ್ ದ ಸ್ಕೈ’ ಎಂಬುದು ಅಂಥದೊಂದು. ಅದು ‘ಶೈನ್ ಆನ್’ ಎಂಬ ಪೆಟ್ಟಿಗೆಯ ಜೊತೆ 1992ರಲ್ಲಿ ಮರಳಿತು. ಅಳಿದುಳಿದದ್ದನ್ನು ಗುಡಿಸಿ ಮಾರಿದರೆಂದು ಮೂಗು ಮುರಿಯುವವರು ಇದನ್ನು ಗಮನಿಸಬೇಕು: ಲಾಭದ ಆಸೆಯಿಲ್ಲದಿದ್ದರೆ ಈ ಹಿಂಬದಿಯ ಹಾಡುಗಳೂ ಅಷ್ಟು ಬೇಗ ಎಲ್‌ಪಿಯ ಮುಖ ಕಾಣುತ್ತಿರಲಿಲ್ಲ.

ಸಂಕಲನದ ಬಾಗಿಲು ತೆರೆಯದೆ ಹೋದದ್ದು ಬ್ಯಾರೆಟ್‌ರ ಇನ್ನೆರಡು ಹಾಡುಗಳಿಗೆ. 1967ರಲ್ಲೇ ಧ್ವನಿಮುದ್ರಣಗೊಂಡ ‘ವೆಜಿಟೆಬಲ್ ಮ್ಯಾನ್’ ಮತ್ತು ‘ಸ್ಕ್ರೀಮ್ ದೈ ಲಾಸ್ಟ್ ಸ್ಕ್ರೀಮ್’ ಕಂಪೆನಿಯ ಕಪಾಟಿನಲ್ಲೇ ಕುಳಿತವು. ಕಳ್ಳಪ್ರತಿಗಳು ಮಾತ್ರ ರಸಿಕರ ನಡುವೆ ಕೈಯಿಂದ ಕೈಗೆ ಓಡಾಡುತ್ತಿದ್ದವು. ಅವು ಅಧಿಕೃತವಾಗಿ ಹೊರಬಂದದ್ದು 2016ರ ನವೆಂಬರ್‌ನಲ್ಲಿ, ‘ದಿ ಅರ್ಲಿ ಇಯರ್ಸ್’ ಎಂಬ ದೊಡ್ಡ ಪೆಟ್ಟಿಗೆಯೊಳಗೆ. ಬ್ಯಾರೆಟ್ ತೀರಿಕೊಂಡು ಆಗಲೇ ಹತ್ತು ವರ್ಷ ಕಳೆದಿತ್ತು.