ಪರದೇಶದ ತಿಂಡಿ, ನಮ್ಮೂರಿನ ಬುತ್ತಿ

ಪರದೇಶಕ್ಕೆ ಹೋಗಿಬಂದವರನ್ನು ನಮ್ಮ ಕಡೆಯ ಜನ ಮೊದಲು ಕೇಳುವುದು ಅಲ್ಲಿಯ ಅರಮನೆಗಳನ್ನಾಗಲಿ ಸೇತುವೆಗಳನ್ನಾಗಲಿ ಕುರಿತಲ್ಲ; "ಊಟಕ್ಕೆ ಏನು ಮಾಡಿದಿರಿ?" ಎಂದು. ಈ ಪ್ರಶ್ನೆಯನ್ನು ಕೇಳಿ ಹಿಂದೆ ನಾನೂ ನಕ್ಕವನೇ. ಆದರೆ ಇತಿಹಾಸದ ಪುಟಗಳನ್ನು ತಿರುವಿಹಾಕುತ್ತ ಬಂದಂತೆ, ಇದು ನಗಬೇಕಾದ ಪ್ರಶ್ನೆಯಲ್ಲ, ಬಹು ಹಳೆಯ ಪ್ರಶ್ನೆ ಎಂದು ಮನವರಿಕೆಯಾಗಿದೆ. ಅದಕ್ಕೆ ನನ್ನ ಉತ್ತರವನ್ನು ಈ ಹೊತ್ತು ತಮ್ಮ ಮುಂದಿಡಬೇಕೆಂದಿದ್ದೇನೆ.

ನನ್ನ ಊರು ತಂಬ್ರಹಳ್ಳಿ. ಹಗರಿಬೊಮ್ಮನಹಳ್ಳಿ ತಾಲ್ಲೂಕಿನದು, ಬಂಡೆ ರಂಗನಾಥನ ಊರೆಂದರೆ ಸುತ್ತಿನವರಿಗೆ ಬೇಗ ಗುರುತು ಹತ್ತುತ್ತದೆ. ತುಂಗಭದ್ರೆಯ ಹಿನ್ನೀರು ನಮಗೆ ದೂರವಲ್ಲ. 2021ರಲ್ಲಿ ಬಳ್ಳಾರಿ ಜಿಲ್ಲೆ ಒಡೆದು ಹೊಸ ಜಿಲ್ಲೆ ಆದ ಮೇಲೆ ಹಂಪೆಯ ಅರಸರ ರಾಜಧಾನಿಯ ಹೆಸರೇ ನಮ್ಮ ಜಿಲ್ಲೆಯ ಹೆಸರೂ ಆಗಿದೆ. 2014ರಲ್ಲಿ ಯುರೋಪಿಗೆ ಹೋಗುವ ಸಂದರ್ಭ ನನಗೊದಗಿದಾಗ ಅವ್ವ ಎರಡು ದಿನ ಕುಳಿತು ಜೋಳದ ಖಡಕ್ ರೊಟ್ಟಿ ಬಡಿದಳು; ಶೇಂಗಾ ಚಟ್ನಿಪುಡಿ, ಗುರೆಳ್ಳು ಪುಡಿ ಕುಟ್ಟಿ, ಬಿಳಿಯ ಪಂಚೆಯಲ್ಲಿ ಗಂಟು ಕಟ್ಟಿ ಪೆಟ್ಟಿಗೆಯ ತಳಕ್ಕಿಟ್ಟಳು. ಆ ಗಂಟಿನ ಕಥೆಯನ್ನು ಕೊನೆಗೆ ಹೇಳುತ್ತೇನೆ.

ಲಿಸ್ಬನ್ ನಗರದ ಪಶ್ಚಿಮಕ್ಕೆ, ಟೇಗಸ್ ನದಿಯ ದಂಡೆಯಲ್ಲಿ ಬೆಲೆಂ ಎಂಬ ಪೇಟೆ. ಅಲ್ಲಿ 1837ರಿಂದ ನಡೆದುಬಂದಿರುವ ಒಂದು ತಿಂಡಿಯ ಅಂಗಡಿಯಿದೆ. ಅಂಗೈಯಷ್ಟೂ ಇಲ್ಲದ, ಎಲೆಯ ಮೇಲೆ ಎಲೆಯಿಟ್ಟಂತೆ ಪದರಪದರವಾದ ಹಿಟ್ಟಿನ ಬಟ್ಟಲು. ಅದರೊಳಗೆ ಕೆನೆಯಂಥ ಹಳದಿಯ ಹೂರಣ. ಮೇಲೆ ಒಲೆಯ ಉರಿಗೆ ಅಲ್ಲಲ್ಲಿ ಕಪ್ಪಾದ ಚುಕ್ಕೆಗಳು. ಇದನ್ನು ಬಿಸಿಬಿಸಿಯಾಗಿ ತಂದಿಟ್ಟು, ಜೊತೆಗೆ ಸಕ್ಕರೆಯ ಹುಡಿ, ದಾಲ್ಚಿನ್ನಿಯ ಪುಡಿ ಕೊಡುತ್ತಾರೆ. ಎರಡನ್ನೂ ಉದುರಿಸಿಕೊಂಡು ತಿನ್ನಬೇಕು. ಕಚ್ಚಿದೊಡನೆ ಪದರಗಳು ಹಪ್ಪಳದಂತೆ ಮುರಿದು, ಒಳಗಿನ ಹೂರಣ ನಾಲಗೆಯ ಮೇಲೆ ಕರಗಿತು. ಸುಳ್ಳೇಕೆ ಹೇಳಲಿ, ಒಂದಕ್ಕೆ ನಿಲ್ಲಿಸಲಾಗಲಿಲ್ಲ, ಮೂರು ತಿಂದೆ.

ಮೂರನೆಯದು ಮುಗಿದ ಮೇಲೆ, ಎದುರಿಗೆ ಕುಳಿತಿದ್ದ ವೃದ್ಧರೊಬ್ಬರು ಅದರ ವೃತ್ತಾಂತ ಹೇಳಿದರು. ಪಕ್ಕದಲ್ಲೇ ಇರುವ ಜೆರೊನಿಮೊ ಸಂನ್ಯಾಸಿಗಳ ಮಠದಲ್ಲಿ ಹುಟ್ಟಿದ ತಿಂಡಿಯಂತೆ ಅದು. ಮಠದ ಬಟ್ಟೆಗಳಿಗೆ ಗಂಜಿ ಹಾಕಲು ಮೊಟ್ಟೆಯ ಬಿಳಿಭಾಗವನ್ನು ಬಳಸುತ್ತಿದ್ದರೆಂದೂ, ಉಳಿದ ಹಳದಿಭಾಗವೇ ಸಿಹಿತಿಂಡಿಗಳಾಯಿತೆಂದೂ ಆ ದೇಶದಲ್ಲಿ ಹೇಳುತ್ತಾರೆ. 1834ರಲ್ಲಿ ಪೋರ್ಚುಗಲ್ ಸರ್ಕಾರ ಮಠಗಳನ್ನೆಲ್ಲ ಮುಚ್ಚಿಸಿತು. ಅನ್ನಕ್ಕೆ ದಾರಿಯಿಲ್ಲದ ಮಠದವರು ನೆರೆಯ ಸಕ್ಕರೆ ಕಾರ್ಖಾನೆಗೆ ಸೇರಿದ ಅಂಗಡಿಯಲ್ಲಿ ಈ ತಿಂಡಿ ಮಾರತೊಡಗಿದರು. ಮುಂದೆ ಮಾಡುವ ಬಗೆ ಆ ಅಂಗಡಿಯವರ ಪಾಲಾಗಿ, ಇಂದಿಗೂ ಗುಟ್ಟಾಗಿಯೇ ಉಳಿದಿದೆ.

ನಾನು ಹುಟ್ಟಿದ ಮನೆಯ ಹೊಸ್ತಿಲನ್ನು ಮೊಟ್ಟೆ ದಾಟಿದ್ದಿಲ್ಲ. ಆ ಗಳಿಗೆ ನನ್ನ ಮುಖ ಹೇಗಾಗಿತ್ತೋ ತಿಳಿಯದು. ಬಿಲ್ಲು ಕೊಟ್ಟು ಎದ್ದು, ಯಾವುದೋ ತಪ್ಪಿಗೆ ಪ್ರಾಯಶ್ಚಿತ್ತ ಹುಡುಕುವವನಂತೆ, ಅದೇ ಮಠದೊಳಕ್ಕೆ ಹೋದೆ.

ಅಲ್ಲಿ ನನಗೆ ಕಾದಿದ್ದುದು ಪ್ರಾಯಶ್ಚಿತ್ತವಲ್ಲ, ಇತಿಹಾಸ. ಬಾಗಿಲ ಬಳಿಯೇ ವಾಸ್ಕೊ ಡ ಗಾಮನ ಸಮಾಧಿ. 1498ರಲ್ಲಿ ಕಲ್ಲಿಕೋಟೆಯ ಕರೆಗೆ ಬಂದಿಳಿದವನು ಆತ. ಮರಳಿ ಹೋದ ಮೇಲೆ, 1501ರ ಸುಮಾರಿಗೆ, ಮಾನ್ಯುಯೆಲ್ ದೊರೆ ಈ ಮಠದ ಕಟ್ಟಡಕ್ಕೆ ಕೈಹಾಕಿದ. ವೆಚ್ಚಕ್ಕಾಗಿ ಆಫ್ರಿಕ ಮತ್ತು ಪೂರ್ವದೇಶಗಳ ವ್ಯಾಪಾರದ ಮೇಲೆ ಶೇಕಡಾ 5ರಷ್ಟು ತೆರಿಗೆ ಕಟ್ಟಿದ. ಅಂದರೆ ಆ ಸುಂದರವಾದ ಕಮಾನುಗಳನ್ನು ಎತ್ತಿದ್ದರಲ್ಲಿ ನಮ್ಮ ಕಡೆಯ ವ್ಯಾಪಾರದ ಪಾಲೂ ಇದೆ. ನಾನು ಉದುರಿಸಿಕೊಂಡು ತಿಂದ ದಾಲ್ಚಿನ್ನಿಯಾದರೂ ಸಿಂಹಳದಿಂದ ಆ ದಾರಿ ಹಿಡಿದದ್ದು. ಸಕ್ಕರೆಯನ್ನು ಅವರು 'ಅಸೂಕರ್' ಎನ್ನುತ್ತಾರೆ. ನಮ್ಮ 'ಶರ್ಕರಾ' ಶಬ್ದವೇ ಪಾರಸಿ, ಅರಬ್ಬಿ ನಾಲಗೆಗಳನ್ನು ದಾಟಿ ಅಲ್ಲಿ ಹಾಗಾಗಿದೆ. ಶಬ್ದ ಸಿಹಿಯಾಗಿದ್ದರೂ ಅದರ ಚರಿತ್ರೆ ಕಹಿ. ಮದೀರ ದ್ವೀಪದಲ್ಲಿ, ಆಮೇಲೆ ಬ್ರೆಜಿಲಿನಲ್ಲಿ, ಆಫ್ರಿಕದಿಂದ ಹಿಡಿದುತಂದ ಗುಲಾಮರ ಬೆವರು ನೆತ್ತರುಗಳಿಂದ ಬೆಳೆದ ಕಬ್ಬು ಅದು. ಆ ತೆರಿಗೆಯಲ್ಲಿ ಆಫ್ರಿಕದ ಹೆಸರೂ ಇದ್ದುದನ್ನು ನಾವು ಮರೆಯಬಾರದು.

ಇದೇ ದಾರಿಯಲ್ಲಿ ಎದುರುಮುಖವಾಗಿ ಬಂದವರ ನೆನಪಾಯಿತು. ಸುಮಾರು 1520ರಲ್ಲಿ ಗೋವೆಯ ಕಡೆಯಿಂದ ಕುದುರೆ ವ್ಯಾಪಾರಿಗಳ ಸಂಗಡ ವಿಜಯನಗರಕ್ಕೆ ಬಂದ ಡೊಮಿಂಗೊ ಪಾಯೆಸ್. ಅವನಿಗಿಂತ ಸುಮಾರು 15 ವರ್ಷ ತಡವಾಗಿ ಬಂದ ನೂನಿಜ್. ಇವರ ಬರಹಗಳು ಪ್ಯಾರಿಸ್ಸಿನ ಗ್ರಂಥಭಂಡಾರದಲ್ಲಿ ಮಲಗಿದ್ದು, 1897ರಲ್ಲಿ ಡೇವಿಡ್ ಲೋಪೆಸ್ ಎಂಬ ವಿದ್ವಾಂಸರಿಂದ ಲಿಸ್ಬನ್ನಿನಲ್ಲಿ ಅಚ್ಚಾದವು. 1900ರಲ್ಲಿ ರಾಬರ್ಟ್ ಸಿವೆಲ್ ಅವನ್ನು ಇಂಗ್ಲಿಷಿಗೆ ತಂದರು. ಪಾಯೆಸನ ಸಂಗಡಿಗರ ನಾಯಕ ಕ್ರಿಸ್ತೊವಾವೊ ಡಿ ಫಿಗೆರೇದೊ. ಆತ ಕೃಷ್ಣದೇವರಾಯನನ್ನು ಕಾಣಲು ಹೋದದ್ದು ನಾಗಲಾಪುರಕ್ಕೆ, ಎಂದರೆ ನಮ್ಮ ಇಂದಿನ ಹೊಸಪೇಟೆಗೆ. ಅರಸ ಈ ಅತಿಥಿಗಳ ಬಿಡಾರಕ್ಕೆ ಕುರಿ ಕೋಳಿಗಳನ್ನೂ, ಬೆಣ್ಣೆ ಜೇನುಗಳು ತುಂಬಿದ ಮಡಕೆಗಳನ್ನೂ ಕಳುಹಿಸಿದನಂತೆ. ಫಿಗೆರೇದೊ ಅದನ್ನೆಲ್ಲ ತಾನು ಕರೆತಂದ ಕಾಲಾಳುಗಳಿಗೂ ಪರಿವಾರಕ್ಕೂ ಒಡನೆಯೇ ಹಂಚಿಬಿಟ್ಟನಂತೆ. ಇದಕ್ಕೂ ಮೊದಲು, 1443ರಲ್ಲಿ ಬಂದ ಪಾರಸಿಕ ರಾಯಭಾರಿ ಅಬ್ದುರ್ ರಜಾಕನಿಗೂ ದಿನವಹಿ ಕುರಿ, ಕೋಳಿ, ಅಕ್ಕಿ, ಬೆಣ್ಣೆ, ಸಕ್ಕರೆಗಳ ಜೊತೆಗೆ ಎರಡು ವರಹ ಸಲ್ಲುತ್ತಿದ್ದವು. ಬಂದವರು ಏನು ತಿಂದಾರು ಎಂಬ ಚಿಂತೆ ಅರಸರಿಗೂ ಇತ್ತು.

ಪಾಯೆಸ್ ಪೇಟೆಯನ್ನು ನೋಡಿ ಬೆರಗಾದವನು. ಅಕ್ಕಿ, ಹೆಸರು, ಹುರುಳಿ, ಬೇಳೆಕಾಳುಗಳ ರಾಶಿ. ನಿಂಬೆ, ಕಿತ್ತಳೆ, ಬದನೆಗಳ ಹೇರು. ಇಷ್ಟು ಸಮೃದ್ಧವಾದ ನಗರ ಜಗತ್ತಿನಲ್ಲಿಲ್ಲವೆಂಬುದು ಅವನ ಅಭಿಪ್ರಾಯ. ಗೋದಿ ಮಾತ್ರ ಕಡಿಮೆ, ಮುಸಲ್ಮಾನರಲ್ಲದೆ ಬೇರೆಯವರು ತಿನ್ನುವುದಿಲ್ಲ ಎಂದಿದ್ದಾನೆ. ನೂನಿಜನಂತೂ ಇಲಿ, ಬೆಕ್ಕು, ಹಲ್ಲಿಗಳನ್ನೂ ಪೇಟೆಯಲ್ಲಿ ಜೀವಂತವಾಗಿ ಮಾರುತ್ತಿದ್ದರೆಂದು ಬರೆದಿದ್ದಾನೆ. ಇದನ್ನು ಮೊದಲು ಓದಿದಾಗ ನನಗೆ ಸಿಟ್ಟು ಬಂದಿತ್ತು. ಬೆಲೆಂ ಪೇಟೆಯಲ್ಲಿ ಮೊಟ್ಟೆಯ ಸುದ್ದಿ ಕೇಳಿ ನನ್ನ ಮುಖ ಕೆಟ್ಟ ಮೇಲೆ ಆ ಸಿಟ್ಟು ಇಳಿಯಿತು. ಪರರ ತಟ್ಟೆಯಲ್ಲಿ ತನಗೆ ಒಗ್ಗದ್ದು ಮೊದಲು ಕಣ್ಣಿಗೆ ಬೀಳುವುದು ಎಲ್ಲ ಪ್ರವಾಸಿಗಳ ಗುಣ.

ಪಾಯೆಸನ ಪಟ್ಟಿಯಲ್ಲಿ ಇಲ್ಲದ್ದನ್ನು ಗಮನಿಸಿದರೆ ಬೇರೊಂದು ಸೋಜಿಗ. ಮೆಣಸಿನಕಾಯಿ ಇಲ್ಲ, ಶೇಂಗಾ ಇಲ್ಲ, ಬಟಾಟೆ, ಟೊಮೆಟೊ ಇಲ್ಲ. ಇವೆಲ್ಲ ಅಮೆರಿಕ ಖಂಡದಲ್ಲಿ ಹುಟ್ಟಿ, ಯುರೋಪಿನವರ ಹಡಗು ಹತ್ತಿ ಹಿಂದುಮುಂದಾಗಿ ಇಲ್ಲಿಗೆ ಬಂದವು. ಹೊಸ ಕಾಯಿಗೆ ನಮ್ಮವರು ಹೊಸ ಹೆಸರು ಹುಡುಕಲಿಲ್ಲ. ಮೆಣಸಿನಂತೆ ಖಾರವಾದ ಕಾಯಿ, ಆದ್ದರಿಂದ ಮೆಣಸಿನಕಾಯಿ. ಹಳೆಯ ಮೆಣಸು ತನ್ನ ಹೆಸರು ಕಾಪಾಡಿಕೊಳ್ಳಲು ಕರಿಮೆಣಸು, ಒಳ್ಳೆಮೆಣಸು ಎಂದು ವಿಶೇಷಣ ಹಚ್ಚಿಕೊಳ್ಳಬೇಕಾಯಿತು. ಕರಿಮೆಣಸು ಹುಡುಕಿಕೊಂಡು ಬಂದವರ ಹಡಗುಗಳೇ ನಮ್ಮ ಅಡಿಗೆಮನೆಯಿಂದ ಅದನ್ನು ಹಿಂದಕ್ಕೆ ಸರಿಸಿದ ಕಾಯನ್ನು ತಂದುಕೊಟ್ಟವು.

1565ರ ಯುದ್ಧದ ಬಳಿಕ ಪಾಯೆಸ್ ಕಂಡ ಪೇಟೆ ಹಾಳುಬಿತ್ತು. ಸಾಲುಗಂಬಗಳು ಮಾತ್ರ ನಿಂತಿವೆ. ಇಂದು ಹೊಸಪೇಟೆಯ ಬಸ್ ನಿಲ್ದಾಣದಲ್ಲಿಳಿದರೆ ಬೆಳಗಿನ ತಿಂಡಿಗೆ ಒಗ್ಗರಣೆ ಮಂಡಕ್ಕಿ, ಮೇಲೆ ಪುಟಾಣಿ ಹಿಟ್ಟು, ಪಕ್ಕಕ್ಕೆ ಮಿರ್ಚಿ. ನಮ್ಮ ಸೀಮೆಯ ಗುರುತೇ ಅದೆಂದು ನಾವು ಹೆಮ್ಮೆಪಡುತ್ತೇವೆ, ಪಡಬೇಕಾದದ್ದೇ. ಆದರೆ ಕೃಷ್ಣದೇವರಾಯನ ಮುಂದೆ ಆ ಮಿರ್ಚಿಯನ್ನಿಟ್ಟಿದ್ದರೆ, ನಾನು ಲಿಸ್ಬನ್ನಿನಲ್ಲಿ ಆ ತಿಂಡಿಯನ್ನು ನೋಡಿದಂತೆಯೇ ಆತನೂ ಅದನ್ನು ಹೊಸಬನ ಕಣ್ಣಿನಿಂದ ನೋಡುತ್ತಿದ್ದನೋ ಏನೋ!

ಇನ್ನೊಂದು ಮಾತು. ಪಾಯೆಸನ ಧಾನ್ಯದ ಪಟ್ಟಿಯ ಇಂಗ್ಲಿಷ್ ಅನುವಾದದಲ್ಲಿ ಮೆಕ್ಕೆಜೋಳವೆಂದು ಅರ್ಥವಾಗುವ ಶಬ್ದವಿದೆ. ಅಮೆರಿಕದ ಆ ಕಾಳು ಅಷ್ಟು ಬೇಗ ಇಲ್ಲಿ ಜನಸಾಮಾನ್ಯರ ಆಹಾರವಾಗಿದ್ದುದು ನಂಬತಕ್ಕದ್ದಲ್ಲ. ಅವನು ಕಂಡದ್ದು ನಮ್ಮ ಜೋಳವೇ ಆಗಿರಬೇಕು. ಆದರೆ ಈಗ ನಮ್ಮ ಸೀಮೆಯ ಹೊಲಗಳನ್ನು ನೋಡಿ ಬನ್ನಿ: ಬಿಳಿಜೋಳ ನಿಲ್ಲುತ್ತಿದ್ದ ಎಷ್ಟೋ ಕಡೆ ಮೆಕ್ಕೆಜೋಳ ನಿಂತಿದೆ. ಊಟಕ್ಕಲ್ಲ, ಮಾರಾಟಕ್ಕೆ. ಅನುವಾದದ ತಪ್ಪನ್ನು ನಾವೇ ನಿಜಮಾಡುತ್ತಿದ್ದೇವೆ. ರೈತನನ್ನು ದೂರುವುದು ನ್ಯಾಯವಲ್ಲ; ಬೆಲೆ ಸಿಕ್ಕುವ ಕಡೆಗೆ ಅವನು ಹೋಗಬೇಕು. ಹೊರಗಿನಿಂದ ಬಂದದ್ದನ್ನು ಜೀರ್ಣಿಸಿಕೊಂಡು ತನ್ನದಾಗಿಸಿಕೊಂಡ ಊಟ ನಮ್ಮದು. ಹಾಗೆ ಜೀರ್ಣಿಸಿಕೊಂಡ ಮೂಲದ ರೊಟ್ಟಿಯೇ ತಟ್ಟೆಯಿಂದ ಸರಿದುಹೋದರೆ, ಖಾರವನ್ನು ಯಾವುದಕ್ಕೆ ಹಚ್ಚಿಕೊಳ್ಳುವುದು?

ಊರಿಗೆ ಮರಳಿದ ದಿನ ಅವ್ವನ ಮುಂದೆ ಮೊಟ್ಟೆಯ ವಿಷಯ ಹೇಳಿಬಿಟ್ಟೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ತಿಂದದ್ದು ತಿಂದಿ, ಬಿಡು. ನಾ ಕಟ್ಟಿದ ರೊಟ್ಟಿ ಅಲ್ಲಿಯವರಿಗೆ ಯಾರಿಗಾರ ಕೊಟ್ಟ್ಯೋ ಇಲ್ಲೋ?" ಎಂದು ಕೇಳಿದಳು.

ಕೊಟ್ಟಿರಲಿಲ್ಲ. ಆ ದೇಶದ ನಯವಾದ ಪಿಂಗಾಣಿ ತಟ್ಟೆಗಳ ನಡುವೆ ಜೋಳದ ರೊಟ್ಟಿಯ ಗಂಟು ಬಿಚ್ಚಲು ನನಗೆ ಸಂಕೋಚವಾಗಿತ್ತು. ಕೋಣೆಯ ಬಾಗಿಲು ಮುಚ್ಚಿಕೊಂಡು ಒಬ್ಬನೇ ಒಂದೆರಡು ಮುರಿದು ತಿಂದು, ಉಳಿದದ್ದನ್ನು ಹಾಗೆಯೇ ಮರಳಿ ತಂದಿದ್ದೆ. ಅರಸ ಕೊಟ್ಟ ಬೆಣ್ಣೆ ಜೇನನ್ನು ಪರದೇಶಿಯೊಬ್ಬ ಹೊಸಪೇಟೆಯಲ್ಲಿ ಒಡನೆಯೇ ಹಂಚಿದ. ಅವ್ವ ಕೊಟ್ಟ ಬುತ್ತಿಯನ್ನು ನಾನು ಹಂಚಲಿಲ್ಲ.

ಅವ್ವ ಪೆಟ್ಟಿಗೆಯಿಂದ ಗಂಟು ತೆಗೆದು ಬಿಚ್ಚಿದಳು. ರೊಟ್ಟಿಗಳು ಪುಡಿಪುಡಿಯಾಗಿದ್ದವು, ಕೆಟ್ಟಿರಲಿಲ್ಲ. ಅದಕ್ಕೆ ಒಗ್ಗರಣೆ ಕೊಟ್ಟು, ಶೇಂಗಾ ಹಾಕಿ, ನನ್ನನ್ನು ನೋಡಲು ಬಂದಿದ್ದ ನೆರೆಹೊರೆಯವರಿಗೆಲ್ಲ ಒಂದೊಂದು ಹಿಡಿ ಕೊಟ್ಟಳು. "ಊಟಕ್ಕೆ ಏನು ಮಾಡಿದಿರಿ?" ಎಂದು ಅವರು ನನ್ನನ್ನು ಕೇಳುತ್ತಲೇ ಇದ್ದರು.