ಬೀಗ ಒಡೆಯದೆ ಒಳಹೊಕ್ಕ ಹುಳು

ಹ್ಯಾಕಿಂಗ್ ಎಂದೊಡನೆ ನಮಗೆ ಬ್ಯಾಂಕ್ ಖಾತೆ ಬರಿದಾದ ಸುದ್ದಿಗಳೇ ನೆನಪಾಗುತ್ತವೆ. ಆದರೆ ಇಂಟರ್‌ನೆಟ್ಟನ್ನು ಮೊದಲು ದೊಡ್ಡ ಮಟ್ಟದಲ್ಲಿ ನಡುಗಿಸಿದವನು ಒಂದು ಕಾಸನ್ನೂ ಕದಿಯಲಿಲ್ಲ.

1988ರ ನವೆಂಬರ್ 2ರಂದು ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾನಿಲಯದ ವಿದ್ಯಾರ್ಥಿ ರಾಬರ್ಟ್ ಮೋರಿಸ್, ಯಂತ್ರದಿಂದ ಯಂತ್ರಕ್ಕೆ ತಾನಾಗಿ ಹರಡುವ ಪ್ರೋಗ್ರಾಮೊಂದನ್ನು ಎಂಐಟಿಯ ಕಂಪ್ಯೂಟರಿನಿಂದ ಹರಿಯಬಿಟ್ಟ. ಇಂಥದ್ದಕ್ಕೆ ವರ್ಮ್, ಅಂದರೆ ಹುಳು ಎನ್ನುತ್ತಾರೆ. ಅದು ಬೀಗ ಮುರಿಯಲಿಲ್ಲ, ತೆರೆದ ಬಾಗಿಲು ಹುಡುಕಿತು. ಇ-ಮೇಲ್ ಸಾಗಿಸುವ ತಂತ್ರಾಂಶದಲ್ಲಿ ಪರೀಕ್ಷೆಗೆಂದು ಉಳಿಸಿದ್ದ ಕಿಂಡಿ ಒಂದು. ಸ್ವಂತ ಹೆಸರನ್ನೇ ಪಾಸ್‌ವರ್ಡ್ ಮಾಡಿಕೊಂಡವರ ಖಾತೆಗಳು ಇನ್ನೊಂದು. (ಈ ಎರಡನೆಯ ಬಾಗಿಲನ್ನು ನಮ್ಮಲ್ಲಿ ಹಲವರು ಇಂದಿಗೂ ಮುಚ್ಚಿಲ್ಲ!)

ಒಮ್ಮೆ ಹೊಕ್ಕ ಯಂತ್ರಕ್ಕೆ ಮತ್ತೆ ಹೊಗದಂತೆ ಹುಳು ಮೊದಲು ವಿಚಾರಿಸುತ್ತಿತ್ತು. ‘ಈಗಾಗಲೇ ಬಂದಿದೆ’ ಎಂದು ಯಾರಾದರೂ ಸುಳ್ಳು ಉತ್ತರ ಕೊಟ್ಟಾರೆಂಬ ಶಂಕೆಯಿಂದ, ಏಳರಲ್ಲಿ ಒಂದು ಸಲ ಆ ಉತ್ತರವನ್ನು ಕಡೆಗಣಿಸುವಂತೆ ಮೋರಿಸ್ ಬರೆದಿದ್ದ. ಎಡವಿದ್ದು ಅಲ್ಲೇ. ಒಂದೊಂದು ಯಂತ್ರದಲ್ಲೂ ಪ್ರತಿಗಳು ತುಂಬಿ, ಸಾವಿರಾರು ಕಂಪ್ಯೂಟರುಗಳು ಉಸಿರುಗಟ್ಟಿದವು. ತಡೆಯುವ ಉಪಾಯ ತಿಳಿಸಿ ಗೆಳೆಯನೊಬ್ಬ ಹೆಸರಿಲ್ಲದೆ ಕಳಿಸಿದ ಸಂದೇಶವೂ ಆ ದಟ್ಟಣೆಯಲ್ಲೇ ಸಿಲುಕಿತು.

ಮೋರಿಸನ ತಂದೆ ಆಗ ಸರಕಾರದ ಕಂಪ್ಯೂಟರ್ ಭದ್ರತಾ ಕೇಂದ್ರದ ಮುಖ್ಯ ವಿಜ್ಞಾನಿ! 1990ರಲ್ಲಿ ನ್ಯಾಯಾಲಯ ಮಗನನ್ನು ಜೈಲಿಗೆ ಕಳಿಸದೆ ಮೂರು ವರ್ಷಗಳ ಪ್ರೊಬೇಷನ್, 400 ಗಂಟೆಗಳ ಸಮುದಾಯ ಸೇವೆ ಹಾಗೂ 10,050 ಡಾಲರ್ ದಂಡ ವಿಧಿಸಿತು. ಮುಂದೆ ಆತ ಅದೇ ಎಂಐಟಿಯಲ್ಲಿ ಪ್ರಾಧ್ಯಾಪಕನಾದ.